ಕಂಚಿಗೆ ಕಾದ ದಂಡು

ಅಂಗೈಯಲ್ಲಿ ಕೂರುವ ಪದಕ. ಅಡ್ಡಳತೆ ಹೆಚ್ಚುಕಡಿಮೆ ಎರಡು ಇಂಚು. ಅದರ ಮೇಲೆ ಕೊಡವ ಯೋಧನೊಬ್ಬ ಕತ್ತಿ ಎತ್ತಿ ನಿಂತಿದ್ದಾನೆ. ಇನ್ನೇನು ಏಟು ಬೀಳಬೇಕು, ಆ ಗಳಿಗೆಯಲ್ಲೇ ಲೋಹ ಅವನನ್ನು ಹಿಡಿದಿಟ್ಟಿದೆ. ಪದಕದ ಮೇಲೆ ಇಂಗ್ಲಿಷ್ ಬರಹವಿದೆ, ಕನ್ನಡದ ಬರಹವೂ ಇದೆ. 1837ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಎದ್ದ ದಂಗೆಯನ್ನು ಅಡಗಿಸಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರಕ್ಕೆ ನಿಷ್ಠರಾಗಿ ಉಳಿದವರಿಗೆ ಕೊಟ್ಟ ಮೆಚ್ಚುಗೆಯ ಗುರುತು ಇದು ಎಂಬುದು ಆ ಬರಹದ ತಾತ್ಪರ್ಯ. ಇತಿಹಾಸ ಬಲ್ಲವರು ಇದನ್ನು ಕೊಡಗು ಪದಕ ಎನ್ನುತ್ತಾರೆ. ಚಿನ್ನದಲ್ಲಿ 44, ಬೆಳ್ಳಿಯಲ್ಲಿ 300 ಟಂಕಿಸಿ ಹಂಚಿದರು. ಅದೇ ಅಚ್ಚಿನ ಕಂಚಿನ ಪ್ರತಿಗಳೂ ಸಂಗ್ರಾಹಕರ ಪೆಟ್ಟಿಗೆಗಳಲ್ಲಿ ಇವೆ.

ಆ ಕಾಲಕ್ಕೆ ಮಂಗಳೂರಿನಲ್ಲಿ ಕನ್ನಡದ ಪತ್ರಿಕೆ ಹುಟ್ಟಿರಲಿಲ್ಲ. ಬಾಸೆಲ್ ಮಿಷನ್‌ನವರು ಬಂದಿಳಿದು ಮೂರು ವರ್ಷವಷ್ಟೇ ಆಗಿತ್ತು. ಅವರ ‘ಮಂಗಳೂರ ಸಮಾಚಾರ’ ಹೊರಬರಲು 1843ರ ಜುಲೈ ತನಕ ಕಾಯಬೇಕಿತ್ತು. ಹೀಗಾಗಿ ಅಂದಿನ ದೊಡ್ಡ ಬಂಡಾಯದ ಸುದ್ದಿ ಕನ್ನಡದ ಅಚ್ಚಕ್ಷರದಲ್ಲಿ ಹರಿದಾಡುವ ಮೊದಲೇ ಅದನ್ನು ತುಳಿದವರ ಹೊಗಳಿಕೆ ಕನ್ನಡದ ಲೋಹಾಕ್ಷರದಲ್ಲಿ ಮೂಡಿತು. ಯೋಧ ಎತ್ತಿದ ಆ ಕತ್ತಿಯ ಎದುರಿಗೆ ಇದ್ದವರು ಯಾರು? ಪದಕದ ಮೇಲೆ ಅವರ ಚಿತ್ರವಿಲ್ಲ. ಅವರನ್ನು ಕಾಣಬೇಕಾದರೆ ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳಗಳ ಮಣ್ಣಿನ ಮೇಲೆ ನಡೆಯಬೇಕು, ನೇತ್ರಾವತಿಯ ದಡಕ್ಕೆ ಇಳಿಯಬೇಕು.

ಬೆಳ್ತಂಗಡಿಯಿಂದ ಘಟ್ಟದ ಕಡೆಗೆ ಹೊರಟರೆ ಬಂಗಾಡಿ ಸಿಗುತ್ತದೆ. ಅಡಿಕೆ ತೋಟಗಳ ನಡುವೆ ತೋಡಿನ ನೀರು ಕಲ್ಲಿಂದ ಕಲ್ಲಿಗೆ ಇಳಿಯುತ್ತದೆ. ಕಂಗಿನ ಸೋಗೆಗಳ ಮೇಲೆ ಕುದುರೆಮುಖದ ಸಾಲು ನೀಲಿಯಾಗಿ ಏರಿ ನಿಂತಿದೆ. ಒಂದು ಬದಿಗೆ ಗಡಾಯಿಕಲ್ಲು, ಒಂದೇ ಬಂಡೆಯ ಬೆಟ್ಟ. 1794ರಲ್ಲಿ ಟಿಪ್ಪು ಅದರ ನೆತ್ತಿಯ ಮೇಲೆ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ. ಮಳೆಗಾಲದಲ್ಲಿ ಮೋಡ ಅದರ ಸೊಂಟಕ್ಕೆ ಸುತ್ತಿಕೊಳ್ಳುತ್ತದೆ. ಬೇಸಗೆಯ ಬಿಸಿಲಿಗೆ ಕಲ್ಲು ಕಾದು ಹೊಳೆಯುತ್ತದೆ. ಕಂಪನಿ ಈ ನೆಲಕ್ಕೆ ಕಾಲಿಟ್ಟ ಮೊದಲ ವರ್ಷದಲ್ಲೇ, 1799 ಮತ್ತು 1800ರ ನಡುವೆ, ತಿಮ್ಮನಾಯಕ ಎಂಬವನು ಈ ಕೋಟೆ ಹಿಡಿದು ಕೂತ. ಅತ್ತ ವಿಟ್ಲದ ಹೆಗ್ಗಡೆಯೂ ತಿರುಗಿಬಿದ್ದ. ಇಬ್ಬರಿಗೂ ಮರಣದಂಡನೆಯಾಯಿತು. ಥಾಮಸ್ ಮನ್ರೋ ಕಲೆಕ್ಟರನಾಗಿದ್ದ ಕಾಲವದು. 1837ರಲ್ಲಿ ಎದ್ದವರಿಗೆ ಈ ಬಂಡೆ ಅಪರಿಚಿತವೇನೂ ಅಲ್ಲ; ಎದ್ದವರಿಗೆ ಏನಾಗುತ್ತದೆ ಎಂಬುದನ್ನು ಅವರ ತಂದೆ ತಾತಂದಿರು ಕಣ್ಣಾರೆ ಕಂಡಿದ್ದರು. ಅದನ್ನು ತಿಳಿದೂ ಅವರು ಎದ್ದರು.

ಬಂಗಾಡಿ ಬಂಗರಸರ ಮೂಲ ನೆಲೆ. ಈಗಲೂ ಅಲ್ಲಿ ಬಸದಿಯಿದೆ, ಅರಮನೆಯ ನೆನಪಿದೆ. ತುಳುನಾಡನ್ನು ಹಂಚಿಕೊಂಡು ಆಳಿದ ಜೈನ ಅರಸು ಮನೆತನಗಳಲ್ಲಿ ಬಂಗರದು ಹಿರಿಯ ಹೆಸರು. ವೇಣೂರಿನಲ್ಲಿ ಅಜಿಲರು, ಮೂಡುಬಿದಿರೆಯಲ್ಲಿ ಚೌಟರು, ಮೂಲ್ಕಿಯಲ್ಲಿ ಸಾವಂತರು. ಬಂಗರು ಕಾಲಕ್ರಮದಲ್ಲಿ ಘಟ್ಟದ ಬುಡದಿಂದ ನೇತ್ರಾವತಿಯ ಹರಿವಿನ ಜತೆ ಕೆಳಗಿಳಿದು ನಂದಾವರದಲ್ಲಿ ನೆಲೆಯಾದರು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಚೌಟರ ಮಗಳು. ಅವಳ ಕೈಹಿಡಿದವನು ಬಂಗರ ಲಕ್ಷ್ಮಪ್ಪರಸ. ಮುನ್ನೂರು ವರ್ಷದ ಹತ್ತಿರ ಹತ್ತಿರ ಕಳೆದ ಮೇಲೆ ಅದೇ ಮನೆತನದಲ್ಲಿ ಅದೇ ಹೆಸರಿನ ಇನ್ನೊಬ್ಬ ಲಕ್ಷ್ಮಪ್ಪ ಬಂಗರಸ ಬಂದ. ಇವನ ಕಾಲಕ್ಕೆ ರಾಜ್ಯ ಹೋಗಿತ್ತು, ಹೆಸರು ಉಳಿದಿತ್ತು. ಆ ಹೆಸರನ್ನು ಅವನು 1837ರಲ್ಲಿ ಎದ್ದ ರೈತರ ದಂಡಿಗೆ ಕೊಟ್ಟ.

ಮೂಡುಬಿದಿರೆಗೆ ಬಂದರೆ ಈ ನಾಡು ಲೋಹದ ಜೊತೆ ಬಾಳಿದ ರೀತಿ ತಿಳಿಯುತ್ತದೆ. ಸಾವಿರ ಕಂಬದ ಬಸದಿಯ ಮುಂದೆ ಮಾನಸ್ತಂಭ, ಅದರಾಚೆ ಒಂದರ ಹಿಂದೊಂದು ಮಂಟಪ. ಯಾವ ಎರಡು ಕಂಬವೂ ಒಂದೇ ತೆರನಾಗಿಲ್ಲ ಎಂದು ಊರವರು ಅಭಿಮಾನದಿಂದ ಹೇಳುತ್ತಾರೆ. ಮಾಡು ಇಳಿಜಾರು, ಮಳೆನೀರು ನಿಲ್ಲಬಾರದಲ್ಲ. ಹೊರಗಿನ ಬೆಳಕಿನಿಂದ ಒಳಗೆ ಕಾಲಿಟ್ಟರೆ ಕಲ್ಲಿನ ತಂಪು ಅಂಗಾಲಿಗೆ ಏರುತ್ತದೆ. ಕಣ್ಣು ಕತ್ತಲಿಗೆ ಹೊಂದಿಕೊಂಡಂತೆ ಗರ್ಭಗುಡಿಯ ದೀಪದಲ್ಲಿ ಚಂದ್ರನಾಥ ಮೂಡಿಬರುತ್ತಾನೆ. ಸುಮಾರು ಎಂಟು ಅಡಿ ಎತ್ತರದ ಪಂಚಲೋಹದ ವಿಗ್ರಹ. 1430ರಲ್ಲಿ ಕಟ್ಟಿದ ಬಸದಿ ಇದು. ಈ ಊರಿನ ಹದಿನೆಂಟು ಬಸದಿಗಳಲ್ಲಿ ಇದೇ ದೊಡ್ಡದು.

ಇಂಥ ವಿಗ್ರಹ ಹುಟ್ಟುವ ಬಗೆ ಬೇರೆ. ಮೊದಲು ಮೇಣದಲ್ಲಿ ರೂಪ ತಿದ್ದಬೇಕು. ಅದರ ಮೇಲೆ ನಯವಾದ ಮಣ್ಣಿನ ಲೇಪ, ಆಮೇಲೆ ಒರಟು ಮಣ್ಣಿನ ಲೇಪ. ಒಣಗಿದ ಮೇಲೆ ಬೆಂಕಿಗೆ ಕೊಟ್ಟರೆ ಮೇಣ ಕರಗಿ ಹರಿದುಹೋಗುತ್ತದೆ, ಮಣ್ಣಿನೊಳಗೆ ರೂಪದ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿಗೆ ಕಾದ ಲೋಹ ಹೊಯ್ಯಬೇಕು. ಮಣ್ಣು ಒಡೆದಾಗ ಹೊರಬರುವುದು ಒಂದೇ ಒಂದು ವಿಗ್ರಹ. ಆ ಮಣ್ಣು ಇನ್ನೊಂದಕ್ಕೆ ಬಾರದು. ಟಂಕಸಾಲೆಯ ಪದಕದ ಹುಟ್ಟು ಹಾಗಲ್ಲ. ಉಕ್ಕಿನ ಅಚ್ಚಿನಲ್ಲಿ ಅಕ್ಷರಗಳನ್ನು ತಿರುಗುಮುರುಗಾಗಿ ಕೆತ್ತಿ, ಬಿಲ್ಲೆಯನ್ನು ನಡುವೆ ಇಟ್ಟು ಒತ್ತಿದರೆ ಒಂದೇ ಮುಖದ ನೂರಾರು ಪದಕ ಬೀಳುತ್ತವೆ. ವಿಗ್ರಹ ಇದ್ದಲ್ಲಿಗೆ ಜನ ಹೋಗಬೇಕು. ಪದಕ ತಾನೇ ಜನರ ಮನೆಗೆ ಹೋಗುತ್ತದೆ, ಪೆಟ್ಟಿಗೆ ಸೇರುತ್ತದೆ, ಮೊಮ್ಮಕ್ಕಳ ಕೈಗೆ ಬರುತ್ತದೆ. ನೆನಪನ್ನು ಮನೆಮನೆಗೆ ತಲುಪಿಸುವ ಈ ಶಕ್ತಿಯನ್ನು ಕಂಪನಿ ಚೆನ್ನಾಗಿ ಅರಿತಿತ್ತು.

ಬಸದಿಯಿಂದ ತುಸು ದೂರದಲ್ಲಿ ಚೌಟರ ಅರಮನೆ. ಅಲ್ಲಿನ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರಿ ಕುಂಜರ ಇದೆ, ಐವರು ಸೇರಿ ಕುದುರೆಯಾದ ಪಂಚನಾರಿ ತುರಗ ಇದೆ. ದೂರದಿಂದ ಆನೆಯೊಂದೇ ಕಾಣುತ್ತದೆ. ಹತ್ತಿರ ಹೋದರೆ ಒಬ್ಬೊಬ್ಬಳ ಕೈ, ತೋಳು, ಜಡೆ ಬಿಡಿಬಿಡಿಯಾಗಿ ಗುರುತಿಗೆ ಸಿಗುತ್ತವೆ. 1837ರ ದಂಡನ್ನೂ ಹೀಗೆ ಹತ್ತಿರ ಹೋಗಿಯೇ ನೋಡಬೇಕು. ದೂರದ ದಫ್ತರಗಳಲ್ಲಿ ಅದು ಒಂದು ಗುಂಪು, ಒಂದು ದಂಗೆ. ಹತ್ತಿರದಲ್ಲಿ ಅದಕ್ಕೆ ನೂರಾರು ಮನೆಗಳ ಹೆಸರಿದೆ.

ದಂಡು ಹುಟ್ಟಿದ್ದು ಸುಳ್ಯದ ಕಾಡಿನಂಚಿನಲ್ಲಿ. 1834ರಲ್ಲಿ ಕಂಪನಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿತು. ಅದುವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ರಾಜನ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲೇ ಒಪ್ಪಿಸಬಹುದಿತ್ತು. ಕಂಪನಿ ನಗದು ಕೇಳಿತು. ಭತ್ತ ಬೆಳೆಯುವವನ ಮನೆಯಲ್ಲಿ ರೂಪಾಯಿ ಎಲ್ಲಿಂದ ಬರಬೇಕು? ಕೊಯ್ಲು ಮುಗಿಯುತ್ತಲೇ ಸಿಕ್ಕಿದ ದರಕ್ಕೆ ಅಕ್ಕಿ ಮಾರಬೇಕು, ಇಲ್ಲವೇ ಸಾಲಗಾರನ ಜಗಲಿಯಲ್ಲಿ ಕೈಕಟ್ಟಿ ನಿಲ್ಲಬೇಕು. ಎಣೇಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುವ ಗದ್ದೆಯಿದ್ದವನಿಗೂ ಉಣ್ಣುವ ಅಕ್ಕಿ ಸಾಲದಾಯಿತು.

ಈ ಸಂಕಟಕ್ಕೆ ದಂಡಿನ ರೂಪ ಕೊಟ್ಟವರು ಕೆದಂಬಾಡಿ ರಾಮಯ್ಯ ಗೌಡರು. ಮದುವೆಯ ನೆಪದಲ್ಲಿ ಜನ ಸೇರಿಸಿದರು ಎಂಬ ಕಥೆಯನ್ನು ಸುಳ್ಯದ ಕಡೆ ಇಂದಿಗೂ ಹೇಳುತ್ತಾರೆ. ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಪುಟ್ಟಬಸಪ್ಪನನ್ನು ಮುಂದೆ ನಿಲ್ಲಿಸಿದರು. ಜನಕ್ಕೆ ಒಬ್ಬ ಅರಸನ ಮುಖ ಬೇಕಿತ್ತು, ಅವನು ಆ ಹೊಣೆ ಹೊತ್ತ, ಕೊನೆಗೆ ಆ ಹೆಸರಿನಲ್ಲೇ ನೇಣಿಗೂ ಏರಿದ. ಕೊಡಗಿನ ಬದಿಯಲ್ಲಿ ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರು, ಹುಲಿಕಡಿದ ನಂಜಯ್ಯ ಮೊದಲಾದವರು ಜತೆಗೂಡಿದರು. ಮಾರ್ಚ್ ತಿಂಗಳ ಕೊನೆಗೆ ದಂಡು ಹೊರಟಿತು. ಬೆಳ್ಳಾರೆಯಲ್ಲಿ ಕಂಪನಿಯ ಖಜಾನೆ ಅದರ ವಶವಾಯಿತು. ಅಲ್ಲಿನ ಬಂಗ್ಲೆಗುಡ್ಡೆಯ ಹಳೆಯ ಕಟ್ಟಡ ಆ ದಿನಕ್ಕೆ ಉಳಿದಿರುವ ಸಾಕ್ಷಿ. ಮುಂದೆ ಪುತ್ತೂರು. ಕಂದಾಯ ಮನ್ನಾದ ಮಾತು ದಂಡಿಗಿಂತ ಮುಂಚೆ ಊರೂರಿಗೆ ಓಡಿತು. ಹೊರಟಾಗ ನೂರರ ಲೆಕ್ಕದಲ್ಲಿದ್ದ ಜನ ದಾರಿಯುದ್ದಕ್ಕೂ ಬೆಳೆಯುತ್ತ ಬಂದರು.

ಮಾಣಿ, ಕಲ್ಲಡ್ಕ ದಾಟಿ ಪಾಣೆಮಂಗಳೂರಿಗೆ ಇಳಿಯುವ ದಾರಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನವೊಂದನ್ನು ನೆನೆಯಿರಿ. ಸುಗ್ಗಿ ಕೊಯ್ದ ಬೈಲುಗಳಲ್ಲಿ ಕೂಳೆ ಒಣಗಿ ನಿಂತಿದೆ. ಗೇರುಮರಗಳಲ್ಲಿ ಕೆಂಪು ಹಳದಿ ಹಣ್ಣು, ಹಲಸಿನ ಮರದ ಬುಡದಿಂದಲೇ ಕಾಯಿ. ಮುರಕಲ್ಲಿನ ಧೂಳು ಕಾಲಿಗೆ, ಮೈಗೆ, ಉಸಿರಿಗೆ. ಬರುತ್ತಿರುವವರ ತಲೆಯ ಮೇಲೆ ಹಾಳೆಯ ಮುಟ್ಟಾಳೆ, ಕೆಲವರಿಗೆ ಮುಂಡಾಸು. ಕೈಯಲ್ಲಿ ಕತ್ತಿ, ದೊಣ್ಣೆ, ಬಿಲ್ಲು, ಅಲ್ಲಲ್ಲಿ ಒಂದು ಕೋವಿ. ಕಂಪನಿಯ ಸಿಪಾಯಿಗಳಿಗೆ ಇರುವ ಸಮವಸ್ತ್ರ ಇವರಿಗಿಲ್ಲ, ಸಂಬಳವೂ ಇಲ್ಲ. ಮನೆಯಿಂದ ಕಟ್ಟಿಕೊಂಡು ಬಂದ ಅವಲಕ್ಕಿ ಮುಗಿದ ಮೇಲೆ ದಾರಿಯ ಬೀಡು, ಗುತ್ತುಗಳ ಅಂಗಳದಲ್ಲಿ ಗಂಜಿ. ಗೌಡರಿದ್ದಾರೆ, ಬಂಟರಿದ್ದಾರೆ, ಬಿಲ್ಲವರಿದ್ದಾರೆ, ಜೈನರು, ಬ್ರಾಹ್ಮಣರು, ಮುಸಲ್ಮಾನರು, ಗದ್ದೆಯ ಕೆಲಸದ ಆಳುಗಳು ಎಲ್ಲ ಇದ್ದಾರೆ. ಅರೆಗನ್ನಡ, ತುಳು, ಕನ್ನಡ, ಬ್ಯಾರಿ ಮಾತು ಒಂದೇ ದಾರಿಯಲ್ಲಿ ಕೇಳುತ್ತದೆ.

ಎದುರಿಗೆ ನೇತ್ರಾವತಿ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಇಲ್ಲಿಗೆ ಬರುವಾಗ ಹೊಳೆ ಅಗಲವಾಗಿದೆ. ಆಟಿ ತಿಂಗಳಲ್ಲಿ ಕೆಂಪಗೆ ಉಕ್ಕಿ ಬಂಟ್ವಾಳದ ಪೇಟೆಯ ಮೆಟ್ಟಿಲು ನೆಕ್ಕುವ ಇದೇ ನೀರು ಸುಗ್ಗಿಯ ಕೊನೆಗೆ ಸೊರಗಿ, ಹೊಯ್ಗೆ ದಿಣ್ಣೆಗಳ ನಡುವೆ ಪಾಲು ಪಾಲಾಗಿ ಹರಿಯುತ್ತದೆ. ದಂಡಿಗೆ ಹೊಳೆ ದಾಟಲು ಅದಕ್ಕಿಂತ ಒಳ್ಳೆಯ ಕಾಲವಿರಲಿಲ್ಲ. ತೆಂಕಣ ದಡದಲ್ಲೇ ನಂದಾವರ. ವಿನಾಯಕ, ಶಂಕರನಾರಾಯಣ, ದುರ್ಗಾಂಬೆಯರ ಕ್ಷೇತ್ರ ಅಲ್ಲಿದೆ. ಬಂಗರ ಕೋಟೆ ಅರಮನೆಗಳಿದ್ದ ನೆಲವೂ ಅದೇ. ಲಕ್ಷ್ಮಪ್ಪ ಬಂಗರಸ ಇಲ್ಲಿಂದಲೇ ದಂಡಿಗೆ ಸೇರಿದ. ಒಂದು ಕಾಲಕ್ಕೆ ಕಪ್ಪ ಪಡೆಯುತ್ತಿದ್ದ ಮನೆತನದವನು ಕಂದಾಯ ಕಟ್ಟಲಾರದವರ ಸಾಲಿಗೆ ಬಂದು ನಿಂತ. ಇಡೀ ಬಂಡಾಯದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಗಳಿಗೆ ಇದು. ಬೆಟ್ಟದ ರೈತ ಮತ್ತು ಹೊಳೆಬದಿಯ ಅರಸ ಇಲ್ಲಿ ಒಂದಾದರು. ಸುಳ್ಯದ ಸಂಕಟ ತುಳುನಾಡಿನ ಸಂಕಟವಾದದ್ದು ಈ ದಡದಲ್ಲಿ.

ಆಚೆ ದಡದಲ್ಲಿ ಬಂಟ್ವಾಳ. ಆಗ ಅದು ಘಟ್ಟದ ಮೇಲಿನ ಸರಕು ಇಳಿಯುವ ಪೇಟೆ. ಚಾರ್ಮಾಡಿಯ ಕಡೆಯಿಂದ ಎತ್ತಿನ ಹೇರು ಬಂದು ಇಲ್ಲಿ ದೋಣಿಗೆ ತುಂಬುತ್ತಿತ್ತು, ದೋಣಿ ಮಂಗಳೂರಿಗೆ ತೇಲುತ್ತಿತ್ತು. ಅಕ್ಕಿ, ಉಪ್ಪು, ಹೊಗೆಸೊಪ್ಪು, ಮೆಣಸು, ಒಣಮೀನಿನ ವಾಸನೆ ಒಂದರೊಳಗೊಂದು ಬೆರೆತ ಬೀದಿ. ಆ ಬೀದಿಯಲ್ಲಿ ದಂಡು ಹಾದುಹೋಯಿತು. ಫರಂಗಿಪೇಟೆಯ ಹೊಳೆದಾರಿ ಹಿಡಿದು 1837ರ ಏಪ್ರಿಲ್ 5ರಂದು ಮಂಗಳೂರಿಗೆ ತಲುಪಿತು. ಜೈಲಿನ ಬಾಗಿಲು ತೆರೆಯಿತು, ಕಚೇರಿಗೆ ಬೆಂಕಿ ಬಿತ್ತು, ಕಂಪನಿಯ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿನ ಕಡೆ ಹೋದರು. ಬಾವುಟಗುಡ್ಡೆಯ ಮೇಲೆ ಬೇರೆ ಬಾವುಟ ಏರಿತು. ಹದಿಮೂರು ದಿನ ಮಂಗಳೂರು ಕಂಪನಿಯದಾಗಿರಲಿಲ್ಲ ಎಂದು ಜನ ನೆನಪಿಟ್ಟುಕೊಂಡಿದ್ದಾರೆ.

ಆ ದಿನಗಳ ನಡುವೆಯೇ ಬಿಸು ಬಂತು. ತುಳುವರ ಹೊಸ ವರ್ಷ, ಪಗ್ಗು ತಿಂಗಳ ಮೊದಲ ದಿನ. ಬೆಳಗ್ಗೆ ಎದ್ದು ಕಣಿ ನೋಡಿ, ಗದ್ದೆಗೆ ಮೊದಲ ಉಳುಮೆಯ ಗುರುತು ಹಾಕುವ ಹಬ್ಬ. ದಂಡಿನಲ್ಲಿದ್ದ ರೈತರ ಮನೆಗಳಲ್ಲಿ ಆ ವರ್ಷ ಕಣಿ ಇಟ್ಟವರು ಹೆಂಗಸರು, ಮಕ್ಕಳು, ಮುದುಕರು. ನೊಗಕ್ಕೆ ಕೈ ಹಚ್ಚಬೇಕಾದವರು ಪಟ್ಟಣದಲ್ಲಿದ್ದರು. ಕಣ್ಣೂರಿನಿಂದ ಫೌಜು ತುಂಬಿದ ಹಡಗು ಬಂದಾಗ ದೊಣ್ಣೆ ಕತ್ತಿಗಳ ಈ ದಂಡಿಗೆ ಫಿರಂಗಿಯ ಎದುರು ನಿಲ್ಲಲಾಗಲಿಲ್ಲ. ಪುಟ್ಟಬಸಪ್ಪನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೆ ಹಾಕಿದರು. ಅನೇಕರು ಸಮುದ್ರದಾಚೆಗೆ ಗಡೀಪಾರಾದರು, ಮತ್ತೆ ಊರು ಕಾಣಲಿಲ್ಲ.

ಆಮೇಲೆ ಬಂತು ಪದಕ. ಅದನ್ನು ಪಡೆದವರನ್ನು ಹಳಿಯಲು ನನಗೆ ಮನಸ್ಸಿಲ್ಲ. ದಿವಾನ್ ಚೆಪ್ಪುಡೀರ ಪೊನ್ನಪ್ಪ, ಅಪ್ಪಾರಂಡ ಬೋಪು ಮೊದಲಾದ ಕೊಡಗಿನ ಮುಖಂಡರಿಗೆ ತಮ್ಮ ನಾಡಿನ ನೆಮ್ಮದಿಯ ಲೆಕ್ಕಾಚಾರ ಇತ್ತು, ರಾಜನ ಕಾಲದ ಕಹಿ ನೆನಪೂ ಇತ್ತು. ಅದೇ ಕೊಡಗಿನಿಂದ ದಂಗೆಗೂ ಜನ ಬಂದಿದ್ದರು. ಒಂದೇ ನೆಲದ ಮಕ್ಕಳು ಎದುರುಬದುರು ನಿಂತ ನೋವಿನ ಕಾಲ ಅದು. ನನ್ನ ಮಾತು ಇಷ್ಟೇ: ಒಂದು ಬದಿಗೆ ಚಿನ್ನ, ಬೆಳ್ಳಿ ಸಿಕ್ಕಿತು, ಇನ್ನೊಂದು ಬದಿಯ ನೆನಪಿಗೆ ಲೋಹದ ಚೂರೂ ಸಿಗಲಿಲ್ಲ. ಅದು ಬಾಯಿಮಾತಿನಲ್ಲಿ ಬದುಕಬೇಕಾಯಿತು. ಹಳ್ಳಿಗಳಲ್ಲಿ ಆ ದಂಗೆಯನ್ನು ಕಲ್ಯಾಣಸ್ವಾಮಿಯ ಹೆಸರಿನಿಂದ ‘ಕಲ್ಯಾಣಪ್ಪನ ಕಾಟಕಾಯಿ’ ಎಂದರು. ಅಜ್ಜಿಯರು ಕಾಲ ಎಣಿಸುವಾಗ ಕಾಟಕಾಯಿಯ ಮುಂಚೆ, ಕಾಟಕಾಯಿಯ ಮೇಲೆ ಎಂದು ಎಣಿಸಿದರು. ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದಾಗ ಆ ಮಾತು ಅಕ್ಷರಕ್ಕೆ ಇಳಿಯಿತು. ಸುಳ್ಯದ ಸಂಶೋಧಕರು ಮನೆಮನೆ ಅಲೆದು ಹೆಸರುಗಳನ್ನು ಹೆಕ್ಕಿದರು.

ಹೋರಾಡಿ ಸತ್ತವರನ್ನು ಲೋಹದಲ್ಲಿ ಉಳಿಸಿಕೊಳ್ಳುವುದು ತುಳುನಾಡಿಗೆ ಹೊಸದಲ್ಲ. ಕೋಟಿ ಚೆನ್ನಯರ ಗರಡಿಗಳು ಊರೂರಲ್ಲಿವೆ. ಯುದ್ಧವಿದ್ಯೆ ಕಲಿಸುತ್ತಿದ್ದ ಆ ತಾಣಗಳೇ ವೀರರ ಆರಾಧನೆಯ ಜಾಗಗಳಾದವು. ನೇಮದ ರಾತ್ರಿ ದೀಟಿಗೆಯ ಬೆಳಕಿನಲ್ಲಿ ದೈವದ ಕಂಚಿನ ಮೊಗ ಹೊಳೆಯುವಾಗ, ಗಗ್ಗರದ ಸದ್ದು ಅಂಗಳ ತುಂಬುವಾಗ, ಕೈಮುಗಿದು ನಿಂತವನಿಗೆ ಲೋಹ ಜಡವಾಗಿ ಕಾಣುವುದೇ ಇಲ್ಲ. ಬಂಟ್ವಾಳದಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯ, ಧರ್ಮಸ್ಥಳದಲ್ಲಿ ಮಂಜೂಷಾ. ಎರಡೂ ಕಡೆ ಹಳೆಯ ದೀಪ, ಪಾತ್ರೆ, ಆಯುಧ, ವಿಗ್ರಹಗಳನ್ನು ನೋಡುತ್ತ ನಡೆದರೆ ಈ ನಾಡಿನ ಬಾಳು ಲೋಹದೊಳಗೆ ಎಷ್ಟೊಂದು ಅಡಗಿದೆ ಎಂದು ಅರಿವಾಗುತ್ತದೆ.

ಕೊನೆಗೂ ದಂಡಿನ ನಾಯಕನಿಗೆ ಕಂಚು ಒದಗಿತು. 2022ರ ನವೆಂಬರ್ 19ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಬಾವುಟ ಏರಿದ ಅದೇ ಗುಡ್ಡ. ಕಾಲೇಜಿನ ಮಕ್ಕಳು, ಬಸ್ಸಿಗೆ ಕಾದವರು, ಸಂಜೆ ಕಡಲು ನೋಡಲು ಬಂದವರು ಅದರ ಮುಂದೆ ಹಾದುಹೋಗುತ್ತಾರೆ. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆಯಿದೆ. 185 ವರ್ಷದ ಬಾಕಿ ಸ್ವಲ್ಪ ಸಂದಿದೆ.

ಇನ್ನುಳಿದ ಬಾಕಿಗೆ ಪದಕವೇ ಸರಿ ಎಂದು ನನಗೆ ಅನಿಸುತ್ತದೆ. ಈ ದಂಡು ಕಟ್ಟಿದವರ ಸ್ಮರಣೆಗೆ ಒಂದು ಪದಕ ಬರಲಿ, ಅದು ಕಂಚಿನದೇ ಆಗಲಿ. ಚಿನ್ನ ಕೆಲವರಿಗೆ, ಬೆಳ್ಳಿ ಇನ್ನು ಕೆಲವರಿಗೆ ಎಂಬ ದರ್ಜೆ ಇದರಲ್ಲಿ ಬೇಡ. ಒಂದು ಮುಖದಲ್ಲಿ ರಾಮಯ್ಯ ಗೌಡರಿರಲಿ. ಇನ್ನೊಂದು ಮುಖದಲ್ಲಿ ದಂಡು ನಡೆದ ದಾರಿ ಇರಲಿ: ಸುಳ್ಯ, ಬೆಳ್ಳಾರೆ, ಪುತ್ತೂರು, ಪಾಣೆಮಂಗಳೂರು, ನಂದಾವರ, ಬಂಟ್ವಾಳ, ಮಂಗಳೂರು, ನಡುವೆ ನೇತ್ರಾವತಿಯ ಬಳುಕು. ಬರಹ ಕನ್ನಡದಲ್ಲೂ ತುಳುವಿನಲ್ಲೂ ಅರೆಗನ್ನಡದಲ್ಲೂ ಇರಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಲೆಗಳಲ್ಲಿ ತಮ್ಮ ಊರಿನ ಚರಿತ್ರೆಯನ್ನು ಕೇಳಿ, ಕೆದಕಿ, ಬರೆದು ತಂದ ಮಕ್ಕಳಿಗೆ ಅದನ್ನು ಕೊಡಲಿ. ಮಕ್ಕಳು ಆ ದಾರಿಯ ಹೆಸರುಗಳ ಮೇಲೆ ಬೆರಳಾಡಿಸಿದರೆ ತಮ್ಮ ಮನೆಯ ಮುಂದಿನ ರಸ್ತೆಯೂ ಅದರಲ್ಲಿದೆಯೆಂದು ಕಂಡುಕೊಳ್ಳುತ್ತಾರೆ.

ಸರ್ಕಾರಗಳು ತಮಗೆ ವಿಧೇಯರಾದವರಿಗೆ ಪದಕ ಕೊಡುವುದು ಎಲ್ಲ ಕಾಲದ ರೂಢಿ. ಅಕ್ಕಿ ಮಾರಿ ಕಂದಾಯ ಕಟ್ಟಲಾರದೆ ಕಂಗೆಟ್ಟ ನೆರೆಮನೆಯವನಿಗಾಗಿ, ಸೋಲು ತಿಳಿದೂ, ಎದ್ದು ನಡೆದವರಿಗೆ ಪದಕ ಕೊಡಬೇಕಾದವರು ಜನ. ಅವರ ಗದ್ದೆಯ ಅನ್ನ ಉಂಡು ಬೆಳೆದ ನಾವು ಅದನ್ನು ಕೊಡಬೇಕು.